ಕಸಿ ಗುಲಾಬಿಯ ಕೆಳಚಿಗುರನ್ನು ಗುರುತಿಸುವ ಕ್ರಮ

ಕೆಂಪು ಹೂ ಕೊಡುತ್ತಿದ್ದ ಕಸಿ ಗುಲಾಬಿಯು ಬಿಳಿಯ ಸಣ್ಣ ಹೂಗಳ ಗೊಂಚಲು ಬಿಡತೊಡಗಿದರೆ ಜಾತಿ ಕೆಟ್ಟಿತೆಂದು ದೂರುವುದುಂಟು. ಜಾತಿ ಕೆಟ್ಟುದಲ್ಲ, ಅಡಿಗಿಡವು ಮೇಲೆದ್ದು ಕಸಿಯನ್ನು ಅಡಗಿಸಿರುವುದು. ಕಣ್ಣುಕಸಿಗೆ ಬಳಸುವ ಅಡಿಗಿಡಗಳಲ್ಲಿ ಚೀನಾ, ಜಪಾನ್ ದೇಶಗಳ ಮೂಲದ ರೋಸಾ ಮಲ್ಟಿಫ್ಲೋರಾ ಎಂಬ ಪೊದೆಯು ಒಂದು.

ಎಲೆಯ ದಳಗಳ ಎಣಿಕೆಯೊಂದನ್ನೇ ನಂಬಲಾಗದು. ಇದಕ್ಕೆ ಸಾಮಾನ್ಯವಾಗಿ 7ರಿಂದ 9 ದಳಗಳಿದ್ದರೂ ಕಸಿಜಾತಿಗಳಲ್ಲಿಯೂ 7 ಬರುವುದುಂಟು. ಎಲೆಯ ತೊಟ್ಟು ಕಾಂಡವನ್ನು ಸೇರುವೆಡೆಯ ಹಸುರು ಪೊರೆಯು ಬಾಚಣಿಗೆಯ ಹಲ್ಲುಗಳಂತೆ ಸೀಳಿದ್ದರೆ ಸಂಶಯಪಡತಕ್ಕದ್ದು. ಮಣ್ಣನ್ನು ಕೆದಕಿ ನೋಡಲಾಗಿ ಚಿಗುರು ಕಸಿಗಂಟಿನ ಕೆಳಗೆ ಹುಟ್ಟಿದ್ದರೆ ನಿಶ್ಚಯ. ಅದನ್ನು ಮೇಲೆ ಕತ್ತರಿಸಿದರೆ ಮತ್ತಷ್ಟು ಚಿಗುರುವುದು, ಬುಡಸಹಿತ ಕೀಳಬೇಕು.

ಮಲೆಬೆನ್ನೂರಿನಂತೆ ಭದ್ರಾ ನಾಲೆಯ ನೀರುಣ್ಣುವ ಸೀಮೆಯಲ್ಲಿ, ಭತ್ತದ ಗದ್ದೆಯ ಮಗ್ಗುಲ ಹಿತ್ತಿಲುಗಳಲ್ಲಿ, ಏರುಮಡಿಯ ಮೇಲೆ ನೆಟ್ಟು ಕಸಿಗಂಟನ್ನು ಮಣ್ಣಿನಿಂದ ಮೇಲಿರಿಸುವುದು ಲೇಸು.