ಸೌರ ಬ್ಯಾಟರಿ ಮತ್ತು ಮಿತವ್ಯಯ

ಹಗಲಿನ ಬಿಸಿಲನ್ನು ಇರುಳಿನ ಬೆಳಕಿಗಾಗಿ ಕಾದಿರಿಸುವ ಸಾಧನವೇ ಬ್ಯಾಟರಿ. ಸೌರಫಲಕವು ಇಪ್ಪತ್ತು ವರ್ಷಕ್ಕೂ ಮೀರಿ ಬಾಳಿದರೂ ಬ್ಯಾಟರಿಯು ಅಕಾಲದಲ್ಲಿ ಕೆಡುವುದುಂಟು. ಅದನ್ನು ಎಷ್ಟರಮಟ್ಟಿಗೆ ಬರಿದುಮಾಡಬಹುದೆಂಬ ಅರಿವಿಲ್ಲದಿರುವುದು ಇದಕ್ಕೊಂದು ಮುಖ್ಯ ಕಾರಣ.

ಸೀಸ-ಆಮ್ಲ ಬ್ಯಾಟರಿಯ ಮೂಲರೂಪವನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದನು. ವಿದ್ಯುತ್ತನ್ನು ನೀಡುವಾಗ ಅದರ ತಗಡುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಮರಳಿ ತುಂಬಿದಾಗ ಮೂಲರೂಪಕ್ಕೆ ತಿರುಗುತ್ತದೆ. ಆಳವಾಗಿ ಬರಿದಾಗಿಸಿ ಹಾಗೆಯೇ ಬಿಟ್ಟರೆ ಅದು ಗಟ್ಟಿ ಹರಳಾಗಿ ಉಳಿದು ಧಾರಣಶಕ್ತಿಯನ್ನು ಶಾಶ್ವತವಾಗಿ ಕುಗ್ಗಿಸುತ್ತದೆ. ಆದಕಾರಣ ನಿತ್ಯಬಳಕೆಯಲ್ಲಿ ಅರ್ಧದಷ್ಟನ್ನು ಮಾತ್ರ ತೆಗೆಯುವುದು ಲೇಸು.

ಉದಾಹರಣೆಗೆ, 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ವಿನಿಯೋಗಕ್ಕೆ ಯೋಗ್ಯವಾದುದು 900. ತಲಾ 9 ವ್ಯಾಟಿನ 4 ಎಲ್‌ಇಡಿ ದೀಪಗಳೂ 30 ವ್ಯಾಟಿನ 2 ಫ್ಯಾನುಗಳೂ 8 ಗಂಟೆ ನಡೆದರೆ 768 ವ್ಯಾಟ್-ಗಂಟೆ ವೆಚ್ಚವಾಗುತ್ತದೆ. ಉಳಿದುದು ಇನ್ವರ್ಟರಿನ ನಷ್ಟಕ್ಕೆ ಸಲ್ಲುತ್ತದೆ.

ಕೆಲವು ಗಂಟೆಗಳ ವಿಶ್ರಾಂತಿಯ ಬಳಿಕ ವೋಲ್ಟ್‌ಮೀಟರು ಸುಮಾರು 12.7 ತೋರಿದರೆ ಬ್ಯಾಟರಿ ತುಂಬಿದೆ, 12.1ರ ಆಸುಪಾಸಿನಲ್ಲಿದ್ದರೆ ಅರ್ಧ ಬರಿದಾಗಿದೆ. ಇನ್ವರ್ಟರು ತಾನಾಗಿ ನಿಲ್ಲುವವರೆಗೆ ಕಾಯುವುದು ತರವಲ್ಲ. ಒಮ್ಮೆ ಆಳಕ್ಕಿಳಿದರೂ ಮರುದಿನವೇ ಪೂರ್ಣವಾಗಿ ತುಂಬತಕ್ಕದ್ದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಸಲ್ಫೇಟಿನ ಈ ತೊಡಕಿಲ್ಲ. ಅದರಿಂದ ನೂರಕ್ಕೆ 80ರಷ್ಟನ್ನು ನಿತ್ಯವೂ ತೆಗೆಯಬಹುದು.

ಮಳೆಗಾಲದ ಮೋಡದ ದಿನಗಳಲ್ಲಿ ಆದಾಯ ಕಡಿಮೆ. ಆಗ ವೆಚ್ಚವೂ ಕಡಿಮೆಯಾಗಬೇಕು. ಕಣಜದ ತಳ ಕಾಣುವ ಮುನ್ನವೇ ಕೈತಡೆಯುವ ಒಕ್ಕಲಿನ ಮನೆಯ ವಿವೇಕವೇ ಇಲ್ಲಿಯೂ ದಾರಿದೀಪ.