ಅಂಕಿತನಾಮ ರೂಢನಾಮವಾದಾಗ

ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯುಂಟೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿಯೇ ಕಲಿತಿದ್ದೇವೆ. ನದಿ ಎಂಬುದು ರೂಢನಾಮ. ಕೃಷ್ಣಾ ಎಂಬುದು ಅಂಕಿತನಾಮ. ಇವೆರಡರ ನಡುವಿನ ಗೋಡೆ ಗಟ್ಟಿಯಾದುದೆಂದು ನಾವು ತಿಳಿದಿರುತ್ತೇವೆ. ಆದರೆ ಆಂಗ್ಲ ಭಾಷೆಯ ವಿಜ್ಞಾನ ಗ್ರಂಥಗಳಲ್ಲಿ ಮನುಷ್ಯನ ಹೆಸರು ವಸ್ತುವಿನ ಹೆಸರಾಗಿ ಮಾರ್ಪಟ್ಟಿರುವುದು ಮತ್ತೆ ಮತ್ತೆ ಕಾಣುತ್ತದೆ. ಈ ಮಾರ್ಪಾಟು ಹೇಗಾಗುತ್ತದೆ, ಅದರಿಂದ ನಮಗೇನು ಎಂಬುದನ್ನು ಇಲ್ಲಿ ಸ್ಥೂಲವಾಗಿ ವಿಚಾರಿಸುತ್ತೇನೆ.

ಇದರಲ್ಲಿ ಮೂರು ಮೆಟ್ಟಿಲುಗಳುಂಟು. ಮೊದಲನೆಯದರಲ್ಲಿ ಹೆಸರು ಇನ್ನೊಂದು ಪದದ ಹಿಂದೆ ವಿಶೇಷಣವಾಗಿ ನಿಲ್ಲುತ್ತದೆ. 1928ರ ಫೆಬ್ರುವರಿ 28ರಂದು ಕಲಕತ್ತೆಯಲ್ಲಿ ಕಂಡುಹಿಡಿದು, 1930ರಲ್ಲಿ ನೊಬೆಲ್ ಪಾರಿತೋಷಕ ತಂದುಕೊಟ್ಟ 'ರಾಮನ್ ಪರಿಣಾಮ' ಇದಕ್ಕೆ ಉದಾಹರಣೆ. ಇಲ್ಲಿ ಆಂಗ್ಲರು ಹೆಸರಿನ ಮೊದಲಕ್ಷರವನ್ನು ದೊಡ್ಡದಾಗಿಯೇ ಬರೆಯುತ್ತಾರೆ. ಎರಡನೆಯದರಲ್ಲಿ ಹೆಸರೇ ವಸ್ತುವಾಗುತ್ತದೆ. ವೋಲ್ಟಾನಿಂದ ವೋಲ್ಟ್, ನಮ್ಮ ಸತ್ಯೇಂದ್ರನಾಥ ಬೋಸರಿಂದ ಬೋಸಾನ್. ಆಗ ದೊಡ್ಡಕ್ಷರ ಚಿಕ್ಕದಾಗುತ್ತದೆ. ಅಂಕಿತನಾಮ ರೂಢನಾಮವಾಯಿತೆಂಬುದಕ್ಕೆ ಅದೇ ಗುರುತು. ಮೂರನೆಯದರಲ್ಲಿ ಹೆಸರು ಕ್ರಿಯಾಪದವೂ ಆಗುತ್ತದೆ. ಹಾಲನ್ನು ಕುದಿಸದೆ, 63 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಇಲ್ಲವೆ 72 ಡಿಗ್ರಿಯಲ್ಲಿ 15 ಸೆಕೆಂಡು ಇರಿಸಿ ರೋಗಾಣುಗಳನ್ನು ಕೊಲ್ಲುವ ಕ್ರಿಯೆಗೆ ಲೂಯಿ ಪಾಶ್ಚರನ ಹೆಸರೇ ಧಾತುವಾಗಿದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಆದುದರಿಂದ ಕನ್ನಡದಲ್ಲಿ ಓದುವವನಿಗೆ ವೋಲ್ಟ್ ಎಂಬುದರ ಹಿಂದೆ ಒಬ್ಬ ಮನುಷ್ಯನಿದ್ದನೆಂಬ ಸುಳಿವೇ ಸಿಕ್ಕುವುದಿಲ್ಲ.

ಇನ್ನೊಂದು ಸ್ವಾರಸ್ಯವುಂಟು. ಪಾಟೀಲ, ಕುಲಕರ್ಣಿ, ಬಡಿಗೇರ ಎಂಬ ಅಡ್ಡಹೆಸರುಗಳ ನಾಡಿನವರಾದ ನಮಗೆ ರಾಮನ್ ಎಂಬುದೂ ಅಂಥದೇ ಎನಿಸುತ್ತದೆ. ಅದು ಮನೆತನದ ಹೆಸರಲ್ಲ. ವೆಂಕಟರಾಮನ್ ಎಂದು ಇಟ್ಟ ಹೆಸರಿನ ಒಂದು ತುಂಡು.

ಹೆಸರು ಉಳಿಯುವುದು ಯಾವಾಗಲೂ ಶೋಧಕನದೇ ಎಂದೂ ಹೇಳುವಂತಿಲ್ಲ. ನಿಪ್ಪಾಣಿಯ ತಂಬಾಕು ಎಲ್ಲರಿಗೂ ಗೊತ್ತು. ಅದರೊಳಗಿನ ನಿಕೋಟಿನ್ ಎಂಬ ವಿಷಕ್ಕೆ ಆ ಹೆಸರು ಬಂದುದು, 16ನೆಯ ಶತಮಾನದಲ್ಲಿ ಪೋರ್ತುಗಾಲದಿಂದ ಫ್ರಾನ್ಸಿನ ಅರಮನೆಗೆ ತಂಬಾಕನ್ನು ಕಳುಹಿಸಿದ ರಾಯಭಾರಿ ಝಾನ್ ನಿಕೋನಿಂದ. 1828ರಲ್ಲಿ ಆ ವಿಷವನ್ನು ಬೇರ್ಪಡಿಸಿದ ಪೋಸೆಲ್ಟ್ ಮತ್ತು ರೈಮನ್ ಎಂಬ ಜರ್ಮನರನ್ನು ಇಂದು ನೆನೆಯುವವರು ವಿರಳ.

ಇದೆಲ್ಲ ಬರಿಯ ಶಬ್ದಚರ್ಚೆಯೆಂದು ಮಿತ್ರರು ತಿಳಿಯಬಾರದು. ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಕಬ್ಬಿನ ರೈತರಿಗೆ 'ಬ್ರಿಕ್ಸ್' ಎಂಬ ಮಾತು ಪರಿಚಿತ. ಓದು ಬರಹ ಅರಿಯದ ನಮ್ಮ ಅಪ್ಪನವರೂ ಅದನ್ನು ನನಗಿಂತ ಮೊದಲೇ ಬಲ್ಲವರು. ಅದು 1798ರಿಂದ 1870ರವರೆಗೆ ಬಾಳಿದ ಅಡಾಲ್ಫ್ ಬ್ರಿಕ್ಸ್ ಎಂಬ ಜರ್ಮನ್ ಗಣಿತಜ್ಞ ಮತ್ತು ಎಂಜಿನಿಯರನ ಹೆಸರು. 100 ಗ್ರಾಂ ಸಕ್ಕರೆ ನೀರಿನಲ್ಲಿ 1 ಗ್ರಾಂ ಸಕ್ಕರೆಯಿದ್ದರೆ ಅದು 1 ಡಿಗ್ರಿ ಬ್ರಿಕ್ಸ್. ಆದರೆ ಕಬ್ಬಿನ ಹಾಲು ಬರಿಯ ಸಕ್ಕರೆ ನೀರಲ್ಲ. ಅದರಲ್ಲಿ ಲವಣಾದಿ ಬೇರೆ ಪದಾರ್ಥಗಳೂ ಕರಗಿರುತ್ತವೆ. ಬ್ರಿಕ್ಸ್ ಇವೆಲ್ಲವನ್ನೂ ಕೂಡಿಸಿಯೇ ಅಳೆಯುತ್ತದೆ. 18 ಬ್ರಿಕ್ಸ್ ಇರುವ ಹಾಲಿನ ಶುದ್ಧತೆ 85 ಪ್ರತಿಶತವಾದರೆ ಅದರಲ್ಲಿರುವ ಸಕ್ಕರೆ 15.3 ಮಾತ್ರ. ಇನ್ನು ನುರಿದ ಕಬ್ಬಿನ ತೂಕದಲ್ಲಿ ಸಿಪ್ಪೆಯೂ ಸೇರಿದೆ. ಕಾಕಂಬಿಯಲ್ಲಿಯೂ ಒಂದಿಷ್ಟು ಸಕ್ಕರೆ ಉಳಿಯುತ್ತದೆ. ಹೀಗಾಗಿ ಚೀಲ ಸೇರುವ ಸಕ್ಕರೆಯ ಪ್ರಮಾಣ, ಎಂದರೆ ರಿಕವರಿ, ಇನ್ನೂ ಕಡಿಮೆ. ಕೇಂದ್ರ ಸರಕಾರದ ಕಬ್ಬಿನ ದರ ಕಾರಖಾನೆಯ ರಿಕವರಿಯನ್ನು ಅವಲಂಬಿಸಿದೆಯೇ ಹೊರತು ಹೊಲದ ಬ್ರಿಕ್ಸನ್ನಲ್ಲ. ಹದಿನೆಂಟು ಬಂದಿತೆಂದು ಹಿಗ್ಗಿದ ರೈತನು ದರದ ಲೆಕ್ಕ ಕಂಡು ಗೊಂದಲಗೊಳ್ಳುವುದಕ್ಕೆ ಇದೂ ಒಂದು ಕಾರಣ.

ಅನ್ವರ್ಥನಾಮವಾದರೆ ಅರ್ಥವನ್ನು ತಾನೇ ಹೇಳುತ್ತದೆ. ಅಂಕಿತದಿಂದ ಬಂದ ಪದ ಏನನ್ನೂ ಹೇಳುವುದಿಲ್ಲ. ಹಾಗೆಂದು ಅದನ್ನು ಕಿತ್ತುಹಾಕಿ ಹೊಸ ಸಂಸ್ಕೃತ ಪದ ತುರುಕಬೇಕೆಂದು ನಾನು ಹೇಳಲಾರೆ. ಜನರ ಬಾಯಲ್ಲಿ ನೆಲೆಸಿದ ಪದ ನೆಲೆಸಲಿ. ಆದರೆ ಅದು ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದಿಲ್ಲ ಎಂಬುದನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು. ವಿಜ್ಞಾನದ ವಿದ್ಯಾರ್ಥಿಗಳೇ ಅದನ್ನು ಮಾಡಲೆಂದು ಕಲಾ ವಿಭಾಗದ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಪುಸ್ತಕದ ಮಾತೂ ಗೊತ್ತು, ಹೊಲದ ಮಾತೂ ಗೊತ್ತು. ಎರಡನ್ನೂ ಬಲ್ಲವರೇ ಈ ಕೆಲಸಕ್ಕೆ ತಕ್ಕವರು.