ಬೀದರದಲ್ಲಿ ವಿಜ್ಞಾನದ ಚಿತ್ರ ಮಾಡುವುದೆಂದರೆ

ಸಾಕ್ಷ್ಯಚಿತ್ರ ಮಾಡುತ್ತ, ಜೊತೆಗೆ ಪಾಠ ಹೇಳುತ್ತ ಬಂದ ನನಗೆ ಒಂದು ಮಾತಂತೂ ಖಚಿತವಾಗಿದೆ: ವಿಜ್ಞಾನದ ಚಿತ್ರ ಕೆಡುವುದು ಹಣ ಸಾಲದೆ ಅಲ್ಲ, ಬೆರಗು ಹೆಚ್ಚಾಗಿ. ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕೆಲಸವನ್ನೇ ನೋಡಿ. ಕೋಟೆಯ ಮಣ್ಣು ಕಲಸಿದ ಬಿಸಿ ನೀರಿನಲ್ಲಿ ಹೂಜಿ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಹೊಳೆಯುತ್ತದೆ, ಸಂಗೀತ ಏರುತ್ತದೆ, ನಿರೂಪಕ ಮಾಂತ್ರಿಕ ಮಣ್ಣು ಎಂದು ಹೇಳಿ ಕೈತೊಳೆದುಕೊಳ್ಳುತ್ತಾನೆ. ವಿಜ್ಞಾನ ಶುರುವಾಗಬೇಕಾದದ್ದೇ ಅಲ್ಲಿಂದ. ಆ ಹೂಜಿ ಬಹುಪಾಲು ಸತು, ಅದರಲ್ಲಿ ಸ್ವಲ್ಪ ತಾಮ್ರ. ಮಣ್ಣಿನ ಜೊತೆ ನವಸಾಗರವನ್ನೂ ಹಾಕುತ್ತಾರೆ. ಕಪ್ಪು ಕಟ್ಟುವುದು ಲೋಹದ ಮೈಮೇಲೆ ನಡೆಯುವ ರಾಸಾಯನಿಕ ಕ್ರಿಯೆ. ಬೆಳ್ಳಿ ಅದಕ್ಕೆ ಜಗ್ಗುವುದಿಲ್ಲ. ಹಾಗಾದರೆ ಕ್ಯಾಮೆರಾದ ಮುಂದೆ ನಾಲ್ಕು ಪಾತ್ರೆ ಇಡಬೇಕು: ಒಂದರಲ್ಲಿ ಕೋಟೆಯ ಮಣ್ಣು, ಇನ್ನೊಂದರಲ್ಲಿ ಹೊಲದ ಎರೆಮಣ್ಣು, ಮತ್ತೊಂದರಲ್ಲಿ ನವಸಾಗರ ಬಿಟ್ಟ ನೀರು, ಕೊನೆಯದರಲ್ಲಿ ತಾಮ್ರ ಬೆರೆಸದ ಬರೀ ಸತುವಿನ ತುಂಡು. ಯಾವುದು ಕಪ್ಪಾಯಿತು, ಯಾವುದು ಆಗಲಿಲ್ಲ ಎಂದು ತೋರಿಸಿದರೆ ಮಾಂತ್ರಿಕ ಎಂಬ ಪದ ತಾನೇ ಉದುರಿಹೋಗುತ್ತದೆ. ಕುಶಲಕರ್ಮಿಯ ಜಾಣತನ ಇದರಿಂದ ಕುಂದುವುದಿಲ್ಲ. ಮಣ್ಣನ್ನು ನಾಲಿಗೆಗಿಟ್ಟು ರುಚಿ ನೋಡಿ ಆರಿಸುವ ಅವನ ರೂಢಿಯೂ ಒಂದು ಪರೀಕ್ಷೆಯೇ ಎಂದು ಆಗ ಗೊತ್ತಾಗುತ್ತದೆ.

ಬೀದರದ ನೌಬಾದಿನ ಕರೇಜ್ ಇನ್ನೂ ಕಷ್ಟದ ವಸ್ತು. ಬಹಮನಿ ಕಾಲದ ಈ ನೆಲದಡಿಯ ಕಾಲುವೆಯ ಮೇಲೆ ಡ್ರೋನ್ ಹಾರಿಸಿದರೆ ಸಾಲಾಗಿ ಬಾವಿಬಾಯಿಗಳು ಕಾಣುತ್ತವೆ, ನೋಡಲು ಚೆಂದ. ಆದರೆ ನೀರು ಎಲ್ಲಿಂದ ಬಂತು ಎಂಬುದು ಮೇಲಿನಿಂದ ಕಾಣುವಂಥದ್ದಲ್ಲ. ಬೀದರ ನಗರ ಕೂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ತೂತುತೂತಾದ ಆ ಕೆಂಪು ಕಲ್ಲು ಮಳೆನೀರನ್ನು ಕೆಳಗಿಳಿಸುತ್ತದೆ, ಅಡಿಯಲ್ಲಿರುವ ಜೇಡಿ ಮತ್ತು ಕಪ್ಪು ಬಂಡೆ ಅದನ್ನು ತಡೆಯುತ್ತವೆ, ತಡೆದ ನೀರು ಇಳಿಜಾರು ಹುಡುಕಿ ಪಕ್ಕಕ್ಕೆ ಹರಿಯುತ್ತದೆ. ಇಲ್ಲಿನ ಗುರುದ್ವಾರ ನಾನಕ್ ಝೀರಾದ ಒರತೆಗೂ ಕಲ್ಲಿನ ಈ ಗುಣವೇ ಆಧಾರ. ಇದನ್ನು ತಿಳಿಸಲು ಕರಿಹಲಗೆಯ ಮೇಲೆ ಸೀಮೆಸುಣ್ಣದ ಒಂದು ಅಡ್ಡಸೀಳು ಚಿತ್ರ ಸಾಕು, ಡ್ರೋನಿನ ಬಾಡಿಗೆಯೂ ಉಳಿಯುತ್ತದೆ. ಭೂಗೋಳಶಾಸ್ತ್ರಜ್ಞ ಗೋವಿಂದನ್‌ಕುಟ್ಟಿ ಅವರು ಈ ಕರೇಜ್‌ಗಳನ್ನು ಅಧ್ಯಯನ ಮಾಡಿದವರು. ಮುಚ್ಚಿಹೋದ ಸುರಂಗದ ದಾರಿಯನ್ನು ಪತ್ತೆಹಚ್ಚುವ ಬಗೆಯೇ ಒಳ್ಳೆಯ ಚಿತ್ರಕಥೆ. ಆದರೆ ಕರೇಜಿನ ಈ ಚಿತ್ರವನ್ನು ಭಾಲ್ಕಿ, ಔರಾದ ಕಡೆಯ ಎರೆಹೊಲಗಳ ಊರಿನಲ್ಲಿ ತೋರಿಸಿದರೆ 'ನಮ್ಮಲ್ಲೂ ಸುರಂಗ ಕೊರೆಯಬಹುದಲ್ಲ' ಎಂದು ಯಾರಿಗಾದರೂ ಅನಿಸುತ್ತದೆ. ನೆಲ ಬೇರೆಯಾದರೆ ನೀರಿನ ನಡಿಗೆಯೂ ಬೇರೆ ಎಂದು ಹೇಳದ ಚಿತ್ರ, ಒಂದೂ ಸುಳ್ಳಾಡದೆ ತಪ್ಪು ಪಾಠ ಕಲಿಸಿರುತ್ತದೆ.

ಇಷ್ಟೆಲ್ಲ ಬಿಡಿಸಿ ಹೇಳಿದರೆ ನೋಡುವವರು ಯಾರು ಎಂದು ಕೇಳುವವರಿದ್ದಾರೆ. 2020ರಲ್ಲಿ ಚಿತ್ರಮಂದಿರಗಳಿಗೆ ಬಂದ ವನ್ಯಜೀವಿ ಸಾಕ್ಷ್ಯಚಿತ್ರ 'ವೈಲ್ಡ್ ಕರ್ನಾಟಕ'ವನ್ನು ಅವರು ಮುಂದಿಡುತ್ತಾರೆ: ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು, ಜನರೂ ನೋಡಿದರು. ಅಂಥ ಚಿತ್ರ ಕಾಡಿನ ಮೇಲೆ ಪ್ರೀತಿ ಹುಟ್ಟಿಸಿದರೆ ಸಾಕು, ಅದರ ಕೆಲಸ ಆಯಿತು. ವಿವರಿಸುತ್ತೇನೆಂದು ಹೊರಟ ಚಿತ್ರಕ್ಕೆ ಆ ರಿಯಾಯಿತಿ ಇಲ್ಲ. ವಿವರಣೆ ಶಿಕ್ಷಕರ ಪಾಲಿನದು, ಚಿತ್ರದ್ದಲ್ಲ ಎಂಬ ಇನ್ನೊಂದು ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ಪಾಠ ತಲುಪಿಸುವ 'ಸೈಟ್' ಪ್ರಯೋಗ ನಡೆದಾಗ ಕನ್ನಡ ಕಾರ್ಯಕ್ರಮಗಳೂ ಬಂದವು. ಆ ಯೋಜನೆಯಲ್ಲಿ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟಾಗ ಟೀವಿಯೊಂದನ್ನೇ ನೆಚ್ಚಿಕೊಳ್ಳದೆ ರೇಡಿಯೊ, ಮುದ್ರಿತ ಪಾಠ, ಚರ್ಚೆಗಳನ್ನೂ ಸೇರಿಸಿದರು. ಅಂದರೆ ಚಿತ್ರ ಎಲ್ಲವನ್ನೂ ಹೇಳಬೇಕಾಗಿಲ್ಲ, ಮೇಷ್ಟ್ರು ನಿಲ್ಲಿಸಿ ಪ್ರಶ್ನೆ ಕೇಳಲು ಜಾಗ ಬಿಟ್ಟಿರಬೇಕು, ಅಷ್ಟೆ. ಪಾಠ ಹೇಳುವುದನ್ನು ಹೊಟ್ಟೆಪಾಡಿನ ಉಪವೃತ್ತಿ ಎಂದು ನೋಡುವ ಚಿತ್ರನಿರ್ಮಾಪಕರು ಈ ಕಲೆಯನ್ನು ಕಲಿಯುವುದಿಲ್ಲ. ಹೊಟ್ಟೆಪಾಡಿಗೂ ಅದೇ ಆಗಿಬರುತ್ತದೆ, ಅದು ಬೇರೆ ಮಾತು. ಈ ಜಿಲ್ಲೆಯಲ್ಲಿ ಚಿತ್ರ ಮಾಡಲು ಹೊರಟಿರುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಸಂಗೀತ ಕೂಡಿಸುವ ಮೊದಲು ಕಚ್ಚಾ ಪ್ರತಿಯನ್ನು ಔರಾದಿನದೋ ಭಾಲ್ಕಿಯದೋ ಒಂದು ಸರ್ಕಾರಿ ಶಾಲೆಯಲ್ಲಿ ತೋರಿಸಿ, ಮಕ್ಕಳು ಕೇಳಿದ್ದನ್ನು ಬರೆದುಕೊಂಡು ಬಂದು ಮತ್ತೆ ಸಂಕಲನಕ್ಕೆ ಕೂರಿ.